ವ್ಯಾಪಾರ ಒಪ್ಪಂದಗಳಿಗೆ ಸಂಸತ್ತಿನ ಒಪ್ಪಿಗೆ ಕಡ್ಡಾಯವಾಗಬೇಕೆ?

ಪರ

ಮಂಗಳೂರಿನ ಬಂದರು ಪೇಟೆಗೆ ಕರಿಮೆಣಸು ತಂದ ಕೃಷಿಕ, ಗೋಣಿಯಿಂದ ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿ ಉಜ್ಜಿ ನೋಡುವ ವ್ಯಾಪಾರಿಯ ಮುಖವನ್ನೇ ನೋಡುತ್ತಾ ನಿಲ್ಲುತ್ತಾನೆ. ಅಂದಿನ ಧಾರಣೆಗೂ 1998ರ ಡಿಸೆಂಬರಿನಲ್ಲಿ ಸಹಿಯಾದ ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೂ ನಂಟಿದೆ ಎಂದು ಸಹಿ ಬೀಳುವ ಮೊದಲು ಅವನಿಗೆ ಹೇಳಿದವರು ಯಾರು? ವಿಯೆಟ್ನಾಮಿನ ಮೆಣಸು ಸುಂಕದ ರಿಯಾಯಿತಿಗಾಗಿ ಶ್ರೀಲಂಕೆಯದೆಂಬ ಹೆಸರು ಹೊತ್ತು ಬರುತ್ತಿದೆಯೆಂದು ಬೆಳೆಗಾರರು ದೂರುತ್ತಲೇ ಬಂದರು. ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿಯಾಗುವಷ್ಟರಲ್ಲಿ 2017ರ ಡಿಸೆಂಬರ್ ಬಂದಿತ್ತು. ಸರಕಿನ ಮೂಲದೇಶವನ್ನು ನಿರ್ಧರಿಸುವ ನಿಯಮದ ಕರಡನ್ನು ಮೊದಲೇ ಹೊರಗಿಟ್ಟಿದ್ದರೆ, ಪೇಟೆ ಬಲ್ಲ ಯಾರಾದರೂ ಅದರ ಕಂಡಿಯನ್ನು ತೋರಿಸಿಕೊಡುತ್ತಿದ್ದರು.

ಸಂವಿಧಾನದಲ್ಲಿ ಕೃಷಿಯೂ ಮೀನುಗಾರಿಕೆಯೂ ರಾಜ್ಯಪಟ್ಟಿಯಲ್ಲಿವೆ, ವಿದೇಶಗಳೊಡನೆ ಮಾಡಿಕೊಳ್ಳುವ ಒಪ್ಪಂದ ಮಾತ್ರ ಕೇಂದ್ರಪಟ್ಟಿಯಲ್ಲಿದೆ. 253ನೇ ವಿಧಿಯು ಒಪ್ಪಂದದ ಜಾರಿಗೆ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆಯೇ ಹೊರತು, ಸಹಿಗೆ ಮುನ್ನ ಅದರ ಒಪ್ಪಿಗೆ ಬೇಕೆನ್ನುವುದಿಲ್ಲ. ಸುಂಕ ಇಳಿಸಲಂತೂ ಒಂದು ಅಧಿಸೂಚನೆ ಸಾಕು. ಹೀಗಾಗಿ ತೋಟವಿರುವ ರಾಜ್ಯಕ್ಕೆ ಮಾತಿಲ್ಲ, ಅದು ಆರಿಸಿ ಕಳುಹಿಸಿದ ಸಂಸದರಿಗೂ ಮತವಿಲ್ಲ. ಯುರೋಪಿನಲ್ಲಿ 2009ರಲ್ಲಿ ಲಿಸ್ಬನ್ ಒಪ್ಪಂದ ಜಾರಿಯಾದ ಮೇಲೆ ಯುರೋಪಿಯನ್ ಸಂಸತ್ತಿನ ಸಮ್ಮತಿಯಿಲ್ಲದೆ ವ್ಯಾಪಾರ ಒಪ್ಪಂದಗಳು ಅಂತಿಮಗೊಳ್ಳುವುದಿಲ್ಲ. 2012ರಲ್ಲಿ ನಕಲಿ ಸರಕು ತಡೆ ಒಪ್ಪಂದವನ್ನು ಆ ಸಂಸತ್ತು ತಿರಸ್ಕರಿಸಿತು. ಅದರಿಂದ ಯುರೋಪಿನ ವ್ಯಾಪಾರವೇನೂ ನಿಂತುಹೋಗಲಿಲ್ಲ. ಯಾವ ಬೆಳೆಗೆ ಎಷ್ಟು ಪೆಟ್ಟು ಬೀಳಬಹುದೆಂಬ ಅಂದಾಜನ್ನು ಸದನದ ಮುಂದಿಟ್ಟು, ಐದು ವರ್ಷಗಳ ಬಳಿಕ ಅದನ್ನು ನಿಜವಾದ ಆಮದಿನ ಅಂಕಿಗಳೊಡನೆ ತಾಳೆ ನೋಡಬೇಕೆಂದು ಕೇಳುವುದು ಅತಿಯಾಸೆಯಲ್ಲ.

ವಿರೋಧ

ಕರಡನ್ನು ಹೊರಗಿಡಬೇಕೆಂಬ ಮಾತು ನ್ಯಾಯವಾದದ್ದೇ. ಮತದಾನವನ್ನು ಕಡ್ಡಾಯ ಮಾಡಬೇಕೆಂಬುದು ಬೇರೆಯೇ ವಿಷಯ. ಪಕ್ಷಾಂತರ ನಿಷೇಧ ಬಂದ 1985ರಿಂದ ವಿಪ್ ಮೀರಿದ ಸಂಸದನ ಸ್ಥಾನಕ್ಕೇ ಸಂಚಕಾರವಿರುವಾಗ, ಬಹುಮತದ ಸರ್ಕಾರ ತಂದ ಒಪ್ಪಂದಕ್ಕೆ ಕರಾವಳಿಯ ಸಂಸದರು ಅಡಿಕೆ, ಮೆಣಸನ್ನು ನೆನೆದು ವಿರುದ್ಧ ಮತ ಹಾಕುವರೆ? ಸಮ್ಮಿಶ್ರ ಸರ್ಕಾರವಾದರೆ ಅಪಾಯ ಇನ್ನೊಂದು ಬಗೆಯದು: ಒಂದು ಸಣ್ಣ ಪಕ್ಷವೇ ಒಪ್ಪಂದವನ್ನು ತಡೆಹಿಡಿಯಬಹುದು. 2016ರಲ್ಲಿ ಬೆಲ್ಜಿಯಂನ ವಲೋನಿಯಾ ಎಂಬ ಒಂದೇ ಪ್ರಾಂತ್ಯವು ಕೆನಡಾದೊಡನೆ ಇಡೀ ಯುರೋಪ್ ಮಾಡಿಕೊಳ್ಳಲಿದ್ದ ಒಪ್ಪಂದವನ್ನು ಕೆಲಕಾಲ ತಡೆದು ನಿಲ್ಲಿಸಿತ್ತು. ಇತ್ತ, 2019ರ ನವೆಂಬರಿನಲ್ಲಿ ಬ್ಯಾಂಕಾಕಿನಲ್ಲಿ, ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಗೆ ಸೇರುವುದಿಲ್ಲವೆಂದು ಭಾರತ ಹೇಳಿದ್ದು ಯಾವ ಮತದಾನವೂ ಇಲ್ಲದೆಯೇ.

ಸಂಘಟಿತರ ಕೂಗು ಈಗಲೂ ದೆಹಲಿಗೆ ತಲುಪುತ್ತದೆ: 2023ರ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿತು. ಆದರೆ ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಗೇರುಬೀಜದ ಕಾರ್ಖಾನೆಗಳು ಆಫ್ರಿಕಾದಿಂದ ಬರುವ ಕಚ್ಚಾ ಬೀಜವನ್ನು ನೆಚ್ಚಿಕೊಂಡಿವೆ, ಅಲ್ಲಿ ಚಿಪ್ಪು ಒಡೆದು ಸಿಪ್ಪೆ ತೆಗೆಯುವ ಹೆಂಗಸರಿಗೆ ಆಮದು ಅಗ್ಗವಾದರೇ ಕೆಲಸ. ಗೇರು ಬೆಳೆಯುವವನು ಇದಕ್ಕೆ ತಲೆಯಾಡಿಸಲಾರ. ಸದನದಲ್ಲಿ ಇವರಿಬ್ಬರ ಪೈಕಿ ಯಾರ ಮಾತು ಹೆಚ್ಚು ಕೇಳಿಸೀತೆಂದು ಊಹಿಸುವುದು ಕಷ್ಟವಲ್ಲ.

ಇನ್ನು ಆ ಮೆಣಸಿನ ವಿಷಯ. ಸುಂಕ ರಿಯಾಯಿತಿ ಕೇಳುವ ಆಮದುದಾರನೇ ಸರಕಿನ ಮೂಲದ ವಿವರಗಳನ್ನು ಇಟ್ಟುಕೊಂಡಿರಬೇಕು, ಕೇಳಿದಾಗ ಒದಗಿಸಬೇಕು ಎಂಬ ಕಸ್ಟಮ್ಸ್ ನಿಯಮಗಳು 2020ರ ಸೆಪ್ಟೆಂಬರಿನಿಂದ ಜಾರಿಯಲ್ಲಿವೆ. ಕಂಡಿ ಮುಚ್ಚುವುದು ಬಂದರಿನಲ್ಲಿ ಕಡತ ತೆರೆದು ನೋಡುವ ಅಧಿಕಾರಿಯಿಂದ; ಅವನು ನೋಡದಿದ್ದರೆ ಸದನದಲ್ಲಿ ಬಿದ್ದ ಮತಗಳು ಗೋಣಿಯೊಳಗಿನ ಕಾಳು ಯಾವ ದೇಶದ್ದೆಂದು ಹೇಳಲಾರವು.