ಕೊನೆಗೆ ಬರುವವನಿಗೆ ಕೆಲಸ ಕಡಿಮೆಯಂತೆ!

ಅಮೆರಿಕದ ಬೇಸ್‌ಬಾಲ್ ಆಟಗಾರ ಬ್ರೂಸ್ ಸಟರ್ 2022ರ ಅಕ್ಟೋಬರ್ 13ರ ಗುರುವಾರ ತೀರಿಕೊಂಡರು. 69 ವರ್ಷ. ಸುದ್ದಿಯನ್ನು ಇಲ್ಲಿ ಅಮೆರಿಕದ ನಮ್ಮ ಕನ್ನಡಿಗರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹಾಕಬಾರದಿತ್ತು. ಐದೇ ನಿಮಿಷಕ್ಕೆ ಒಬ್ಬ ಮಹಾಶಯರು ಕೇಳಿದರು, "ಕೊನೆಗೆ ಬಂದು ಒಂದೆರಡು ಇನಿಂಗ್ಸ್ ಎಸೆದು ಹೋಗುವವರಿಗೆ ಇಷ್ಟೊಂದು ಯಾಕೆ ಸರ್?"

ಆಗಿನಿಂದ ತಲೆ ಕೆಟ್ಟಿದೆ.

ಸ್ವಾಮಿ, ಮದುವೆಮನೆಯಲ್ಲಿ ಕೊನೆ ಪಂಕ್ತಿಗೆ ಬಡಿಸಿದ್ದೀರಾ? ಸಾರು ತಳ ಕಂಡಿರುತ್ತದೆ, ಉಣ್ಣುವವರು ಹಸಿದು ಸಿಟ್ಟಾಗಿರುತ್ತಾರೆ. ರಿಲೀಫ್ ಪಿಚರ್ (ಪಿಚ್ಚರ್ ಅಲ್ಲ! ಮೊದಲಿನವನ ಬದಲಿಗೆ ಚೆಂಡೆಸೆಯಲು ಬರುವವನು) ಬರುವುದು ಆ ಹೊತ್ತಿಗೆ.

1982ರ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್ ಫೈನಲ್ ಸರಣಿ; ಅದರ ಏಳನೇ, ಕೊನೆಯ ಆಟ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ 4-3ರಿಂದ ಮುಂದಿತ್ತು. ಬರೀ ಒಂದು ರನ್ನು. ಗಡ್ಡದ ಸಟರ್ ಒಂಬತ್ತು ಇನಿಂಗ್ಸಿನ ಆಟದ ಎಂಟನೆಯದಕ್ಕೆ ಬಂದರು. ಎದುರಾಳಿ ಮಿಲ್ವಾಕಿಗೆ ಆಮೇಲೆ ಒಂದೇ ಒಂದು ಯಶಸ್ವಿ ಹೊಡೆತವೂ ಸಿಗಲಿಲ್ಲ. ಆ ವರ್ಷ 39 ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಬಾರಿಸಿದ್ದ ಗಾರ್ಮನ್ ಥಾಮಸ್ ಕೊನೆಗೆ ಗಾಳಿಗೆ ಬ್ಯಾಟ್ ಬೀಸಿ ಔಟಾದರು. ಇದು ಕಡಿಮೆ ಕೆಲಸವಂತೆ!

ಆ ಎಸೆತವನ್ನಾದರೂ ನೋಡಿ. ಸ್ಪ್ಲಿಟ್-ಫಿಂಗರ್. ತೋರುಬೆರಳು, ನಡುಬೆರಳು ಎರಡನ್ನೂ ಅಗಲಿಸಿ ನಡುವೆ ಚೆಂಡು ಸಿಕ್ಕಿಸಬೇಕು. ಎಸೆಯುವುದು ಜೋರಾಗಿಯೇ. ನೇರ ಬರುತ್ತಿದೆ ಅಂದುಕೊಂಡು ಬ್ಯಾಟ್ ಬೀಸುವಷ್ಟರಲ್ಲಿ ಚೆಂಡು ದೊಪ್ಪನೆ ಕೆಳಗಿಳಿದಿರುತ್ತದೆ. ನಾನೂ ಗ್ಯಾರೇಜಿನಲ್ಲಿ ಹಿಡಿದು ನೋಡಿದ್ದೇನೆ. ಎರಡು ದಿನ ದೋಸೆ ಮುರಿಯಲೂ ಆಗಲಿಲ್ಲ.

ಅದನ್ನು ಅವರು ಕಲಿತದ್ದು ವಿಧಿ ಇಲ್ಲದೆ. ಶಿಕಾಗೋ ಕಬ್ಸ್‌ನ ಕೆಳಹಂತದ ತಂಡದಲ್ಲಿದ್ದಾಗ ಮೊಣಕೈ ಕೆಟ್ಟಿತು. ತಂಡಕ್ಕೆ ತಿಳಿದರೆ ಮನೆಗೆ ಕಳಿಸುತ್ತಾರೆ ಅಂತ ಹೆದರಿ, ಗುಟ್ಟಾಗಿ ಸ್ವಂತ ದುಡ್ಡಿನಲ್ಲಿ ಆಪರೇಷನ್ ಮಾಡಿಸಿಕೊಂಡರು. ವಾಪಸ್ ಬಂದಾಗ ಹಳೆಯ ವೇಗ ಇರಲಿಲ್ಲ. ಆಗ ಫ್ರೆಡ್ ಮಾರ್ಟಿನ್ ಎಂಬ ಕೋಚ್ ಈ ಹಿಡಿತ ಹೇಳಿಕೊಟ್ಟರು. 1979ರಲ್ಲಿ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯೇ ಬಂತು.

ಇಲ್ಲಿ ಒಂದು ಮಾತು ಒಪ್ಪಬೇಕು. ಹತ್ತು ವರ್ಷಗಳ ಹಿಂದೆ ಇಲ್ಲಿಗೆ ಬಂದ ಹೊಸದರಲ್ಲಿ ನಾನೂ ಆ ಮಹಾಶಯರ ಥರವೇ ಮಾತಾಡುತ್ತಿದ್ದೆ. ಎಂಟನೇ ಇನಿಂಗ್ಸಿಗೆ ಎದ್ದು ಕಾರ್ ಪಾರ್ಕಿಂಗಿಗೆ ಓಡುತ್ತಿದ್ದೆ. ಟ್ರಾಫಿಕ್ ತಪ್ಪಿಸಲು!

"ಮಾರಿಯಾನೊ ರಿವೇರಾದು 652 ಸೇವ್, ಇವರದು 300 ಅಷ್ಟೇ" ಅಂತ ಇನ್ನೊಬ್ಬರು ಲೆಕ್ಕ ಕೊಟ್ಟರು. ಸೇವ್ ಅಂದರೆ ಕೊನೆಗೆ ಬಂದು ತಂಡದ ಮುನ್ನಡೆ ಕಾಪಾಡಿ ಗೆಲ್ಲಿಸಿದ ಲೆಕ್ಕ. ನ್ಯೂಯಾರ್ಕ್ ಯಾಂಕೀಸ್‌ನ ರಿಲೀಫ್ ಪಿಚರ್ ರಿವೇರಾ ದೊಡ್ಡವರೇ, ಜಗಳ ಇಲ್ಲ. ಆದರೆ ಸಟರ್ ಕಾಲದಲ್ಲಿ ಒಂದು ಇನಿಂಗ್ಸ್ ಎಸೆದು ಕೈ ತೊಳೆದುಕೊಳ್ಳುವ ಹಾಗಿರಲಿಲ್ಲ. 1984ರ 45 ಸೇವ್‌ಗೆ ಅವರು ಎಸೆದದ್ದು 122ಕ್ಕೂ ಜಾಸ್ತಿ ಇನಿಂಗ್ಸ್. ಭುಜ ಸುಮ್ನೆ ಹೋಗಲಿಲ್ಲ.

ಬಲ್ಲವರೇ ಹೀಗೆ ಮಾಡಿದರು ಅನ್ನುವುದು ಇನ್ನೂ ಉರಿ. ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಆರಿಸಿದ್ದು ಹದಿಮೂರನೇ ಸಲಕ್ಕೆ, 2006ರಲ್ಲಿ. ಒಂದು ಪಂದ್ಯವನ್ನೂ ಮೊದಲಿನಿಂದ ಎಸೆಯದೆ ಅಲ್ಲಿಗೆ ಹೋದ ಮೊದಲ ಪಿಚರ್ ಇವರೇ. ಅಲ್ಲೂ ಕೊನೆ ಪಂಕ್ತಿ!

ಇಷ್ಟನ್ನೂ ಗ್ರೂಪಿಗೆ ಹಾಕಿದೆ. ಮಹಾಶಯರು ಹೆಬ್ಬೆರಳು ಒತ್ತಿದ್ದಾರೆ. ಎರಡೇ ಸೆಕೆಂಡಿನಲ್ಲಿ.