ಹಸಿರು ಬಂತಲ್ಲ ಸರ್!

ಇವತ್ತು ಕ್ಲಾಸಿನಲ್ಲಿ ಗಿಟಾರಿನ ಇನ್ನೊಂದು ತಂತಿ ಹರಿಯಿತು. ಯಥಾಪ್ರಕಾರ ಒಂದನೇ ತಂತಿ, ಎಲ್ಲಕ್ಕಿಂತ ತೆಳು.

ಗಿಟಾರ್ ಕಲಿಸುವುದು ಅಷ್ಟೇನೂ ಕಷ್ಟವಲ್ಲ. ಕ್ಲಾಸ್ ತುಂಬ ಇರುವ ಗಿಟಾರುಗಳನ್ನು ಶ್ರುತಿಯಲ್ಲಿ ಇಡುವುದಿದೆಯಲ್ಲ, ಕಷ್ಟ ಅದು. 20 ಮಕ್ಕಳಿದ್ದರೆ 120 ತಂತಿ. ತಂತಿಗೆ ಅರ್ಧ ನಿಮಿಷ ಹಿಡಿದರೂ ಒಂದು ಗಂಟೆ. ಪೀರಿಯಡ್ ಅಷ್ಟು ಉದ್ದ ಎಲ್ಲಿರುತ್ತೆ? ಹಾಗಾಗಿ ಮಕ್ಕಳು ಬರುವ ಮೊದಲೇ ಶ್ರುತಿ ಮಾಡಿಡುತ್ತೇನೆ. ಶ್ರುತಿ ನೋಡಲು ಗಿಟಾರಿನ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ವಾಸಿ. ಅದು ಮರದ ಕಂಪನ ಹಿಡಿಯುತ್ತೆ, ಗದ್ದಲಕ್ಕೆ ಜಗ್ಗಲ್ಲ. ಫೋನಿನ ಆ್ಯಪ್‌ಗೆ ಅಕ್ಕಪಕ್ಕದವರದ್ದೆಲ್ಲ ಕೇಳಿಸುತ್ತೆ.

ಆದರೆ ಕೊನೇ ಸಾಲಿನಲ್ಲೊಬ್ಬ ಮಹಾಶಯನಿದ್ದಾನೆ. ತುಂಟನಲ್ಲ ಪಾಪ. ಪಾಠವನ್ನು ಕಣ್ಣರಳಿಸಿ ಕೇಳುತ್ತಾನೆ. ಕೇಳುತ್ತಾ ಕೇಳುತ್ತಾ ತಂತಿ ಬಿಗಿಯುವ ಬಿರಡೆ ತಿರುಗಿಸುತ್ತಾನೆ. ಟಪ್! 'ಸುಮ್ನೆ ನೋಡ್ತಿದ್ದೆ ಸರ್, ಅದೇ ಹರೀತು.' ಕೈಗೆ ಕೆಲಸ ಕೊಟ್ಟರೆ ಸರಿಹೋಗುತ್ತಾನೆ ಅಂತ ಟ್ಯೂನರ್ ಡ್ಯೂಟಿಯನ್ನೇ ಅವನಿಗೆ ಒಪ್ಪಿಸಿದೆ. ಎಷ್ಟು ಶ್ರದ್ಧೆ ಅಂತೀರಿ! ಸಾಲಾಗಿ ಹೋಗಿ ಎಲ್ಲರ ಗಿಟಾರೂ ಮುಗಿಸಿ ಬಂದ. ಬಾರಿಸಲು ಹೇಳಿದರೆ ಕಿವಿ ಮುಚ್ಚಿಕೊಳ್ಳಬೇಕು. ನೋಡಿದರೆ, 'ಜಿ' ಸ್ವರದಲ್ಲಿ ಇರಬೇಕಾದ ಮೂರನೇ ತಂತಿ 'ಎ'ಗೆ ಏರಿ ಕೂತಿದೆ. 'ಹಸಿರು ಬಂತಲ್ಲ ಸರ್!' ಬಂದೇ ಬರುತ್ತೆ ಮಾರಾಯ. ಯಾವ ಸ್ವರಕ್ಕೆ ಸರಿಯಾಗಿ ಕೂತರೂ ಅದು ಹಸಿರು ತೋರಿಸುತ್ತೆ. ಯಾವ ತಂತಿಗೆ ಯಾವ ಅಕ್ಷರ ಅಂತ ನಾವೇ ನೋಡಬೇಕಲ್ವಾ? ಈಗ ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಇ, ಎ, ಡಿ, ಜಿ, ಬಿ, ಇ ಅಂತ ಚೀಟಿ ಬರೆದು ಪ್ರತಿ ಗಿಟಾರಿಗೂ ಅಂಟಿಸಿದ್ದೇನೆ. ಅವನು ಚೀಟಿಯ ಅಂಚು ಕೀಳುತ್ತಿದ್ದಾನೆ.

ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಮೊದಲ ಕಾರ್ಡ್‌ಗೆ ಇ ಮೈನರ್ ಸಾಕು. ಎರಡೇ ಬೆರಳು, ಆರೂ ತಂತಿ ಬಾರಿಸಬಹುದು. ಆರೂ ತಂತಿಗೆ ಬೆರಳು ಅಡ್ಡ ಒತ್ತುವ ಎಫ್ ಸದ್ಯಕ್ಕೆ ಬೇಡ. ಎಳೆ ಬೆರಳುಗಳು ಹಾಗೇ ಉರಿಯುತ್ತಿರುತ್ತವೆ. ಇನ್ನೊಂದು ಮಾತು: ನಾನು ಕೈ ಎತ್ತಿದರೆ ಎಲ್ಲರ ಅಂಗೈಯೂ ತಂತಿ ಮೇಲೆ. ಈ ನಿಯಮ ಇಲ್ಲದಿದ್ದರೆ ಕೂಗಿ ಕೂಗಿ ಗಂಟಲು ಹೋಗುತ್ತೆ.

ಅಪರೂಪಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಇ ಮೈನರ್ ಎಳೆದಾಗ ಬೆಂಚು ಕೂಡ ಸಣ್ಣಗೆ ಗುಂಯ್ ಅನ್ನುತ್ತೆ. ಆಗ ಬೈಯಬೇಕಿದ್ದದ್ದು ಮರೆತೇ ಹೋಗುತ್ತೆ. ಇವತ್ತೂ ಹಾಗೇ ಆಯಿತು. ಅಷ್ಟರಲ್ಲಿ ಯಾರದ್ದೋ ಪಿಕ್, ಅದೇ ತಂತಿ ಮೀಟುವ ಬಿಲ್ಲೆ, ಗಿಟಾರಿನ ಹೊಟ್ಟೆಯೊಳಗೆ ಬಿತ್ತು. ಅದನ್ನು ತೆಗೆಯಲು ಗಿಟಾರ್ ಬೋರಲು ಹಾಕಿ ಅಲ್ಲಾಡಿಸಬೇಕು. ಬಿದ್ದದ್ದು ಒಬ್ಬಳ ಪಿಕ್, ಅಲ್ಲಾಡಿಸಿದ್ದು ಇಡೀ ಕ್ಲಾಸು. ಎರಡು ರಬ್ಬರ್, ಒಂದು ಪೆನ್ಸಿಲ್ ತುಂಡು ಸಿಕ್ಕವು. ಪಿಕ್ ಇನ್ನೂ ಒಳಗೇ ಇದೆ.