ಸ್ಪಷ್ಟನೆ: ‘ಹೆನ್ರಿಕಸ್’ ಎಂದಿರುವ ಪೆನ್ನಿಗಳೆಲ್ಲ ಎರಡನೇ ಹೆನ್ರಿಯವಲ್ಲ

ಇಂಗ್ಲೆಂಡಿನ ಮಧ್ಯಯುಗದ ಬೆಳ್ಳಿ ಪೆನ್ನಿಯ ಮೇಲೆ ‘ಹೆನ್ರಿಕಸ್ ರೆಕ್ಸ್’ (ಲ್ಯಾಟಿನ್ ಭಾಷೆಯಲ್ಲಿ ‘ರಾಜ ಹೆನ್ರಿ’) ಎಂದಿದ್ದರೆ ಅದು ಎರಡನೇ ಹೆನ್ರಿಯ ನಾಣ್ಯವೇ ಎಂದೂ, ಅರ್ಧಕ್ಕೆ ಕತ್ತರಿಸಿದ ಪೆನ್ನಿ ಹಾಳಾದ ನಾಣ್ಯವೆಂದೂ ಸಂಗ್ರಾಹಕರ ನಡುವೆ ಹರಿದಾಡುತ್ತಿರುವ ಮಾತುಗಳು ಸರಿಯಲ್ಲ.

1180ರಲ್ಲಿ ಎರಡನೇ ಹೆನ್ರಿ ಆರಂಭಿಸಿದ, ಹಿಂಬದಿಯಲ್ಲಿ ಚಿಕ್ಕ ತೋಳುಗಳ ಶಿಲುಬೆಯಿರುವ ‘ಗಿಡ್ಡ ಶಿಲುಬೆ’ಯ ಮಾದರಿಯನ್ನು ಅವನ ಮಕ್ಕಳಾದ ರಿಚರ್ಡ್ ಮತ್ತು ಜಾನ್, ಆಮೇಲೆ ಮೊಮ್ಮಗ ಮೂರನೇ ಹೆನ್ರಿ 1247ರವರೆಗೂ ಮುಂದುವರಿಸಿದರು, ರಾಜರು ಬದಲಾದರೂ ನಾಣ್ಯದ ಮೇಲಿನ ಹೆಸರು ಬದಲಾಗಲಿಲ್ಲ. ಜಾನ್ ತನ್ನ ಹೆಸರನ್ನು ಐರ್ಲೆಂಡಿನ ನಾಣ್ಯಗಳಲ್ಲಿ ಹಾಕಿಸಿದನೇ ಹೊರತು ಇಂಗ್ಲೆಂಡಿನ ಪೆನ್ನಿಗಳಲ್ಲಿ ಅಲ್ಲ. ಆದ್ದರಿಂದ ಕಾಲ ನಿರ್ಧರಿಸಲು ಈ ಹೆಸರನ್ನು ನೆಚ್ಚಿಕೊಳ್ಳದೆ, ಕಿರೀಟದ ಮುತ್ತುಗಳು, ಕಿವಿಯ ಪಕ್ಕದ ಗುಂಗುರು ಕೂದಲಿನ ಸುರುಳಿಗಳು, ಅಕ್ಷರಗಳ ರೂಪ, ಹಿಂಬದಿಯಲ್ಲಿರುವ ಟಂಕಸಾಲೆಯ ಊರು ಮತ್ತು ಟಂಕಿಸಿದವನ ಹೆಸರು ಇವೆಲ್ಲವನ್ನೂ ಭೂತಗನ್ನಡಿ ಹಿಡಿದು ತಾಳ್ಮೆಯಿಂದ ನೋಡಬೇಕು.

ದುಂಡನೆಯ ಅರ್ಧ ಪೆನ್ನಿ, ಕಾಲು ಪೆನ್ನಿಗಳು ನಿಯಮಿತವಾಗಿ ಬಂದದ್ದು ಮೊದಲನೇ ಎಡ್ವರ್ಡನ ಕಾಲದ 1279ರ ಸುಧಾರಣೆಯಿಂದೀಚೆಗೆ. ಅದಕ್ಕೂ ಮುಂಚೆ ಚಿಲ್ಲರೆ ಬೇಕಾದಾಗ ಹಿಂಬದಿಯ ಶಿಲುಬೆಯ ಗೆರೆಗುಂಟ ಪೆನ್ನಿಯನ್ನೇ ಕತ್ತರಿಸುತ್ತಿದ್ದರು. ಹಾಗೆ ನೇರವಾಗಿ ಕತ್ತರಿಸಿದ ತುಂಡು ಅಂದಿನ ಸಂತೆಯಲ್ಲಿ ಚಲಾವಣೆಯಲ್ಲಿದ್ದ ಹಣವೇ ಆಗಿದ್ದು, ಅದನ್ನು ಗುಜರಿ ಬೆಳ್ಳಿಯೆಂದು ಕರಗಿಸಲು ಕೊಡುವುದು ದೊಡ್ಡ ನಷ್ಟ.